ಹಾಸಿಗೆ ಕೆಳಗಿನ ಒಂಬತ್ತು ಹಾಳೆಗಳು: ಮನೆಶಾಲೆಯ ಒಂದು ಲೆಕ್ಕದ ಪ್ರಕರಣ

ಏಪ್ರಿಲ್‌ನಲ್ಲಿ ಹಾಸಿಗೆಗಳನ್ನು ಬಿಸಿಲಿಗೆ ಹಾಕೋಣ ಎಂದು ಎತ್ತಿದೆ. ಮಗಳು ಮಲಗುವ ಹಾಸಿಗೆಯ ಕೆಳಗೆ ಒಂಬತ್ತು ಹಾಳೆ ಸಿಕ್ಕವು. ಎಲ್ಲವೂ ನಾನೇ ಬರೆದುಕೊಟ್ಟಿದ್ದ ಲೆಕ್ಕದ ಹಾಳೆಗಳು. ಒಂದೊಂದರಲ್ಲಿ 30 ಲೆಕ್ಕ. ಒಂದನ್ನು ಪೂರ್ತಿ ಮಾಡಿದ್ದಳು, ಅದನ್ನು ನಾನು ತಿದ್ದಿಯೂ ಇದ್ದೆ. ಉಳಿದವುಗಳಲ್ಲಿ ಕೆಲವು ಅರ್ಧ ಮಾಡಿದ್ದವು, ಕೆಲವನ್ನು ಮುಟ್ಟಿಯೇ ಇರಲಿಲ್ಲ. "ಎಲ್ಲಿ ಪುಟ್ಟಿ ನಿನ್ನೆ ಲೆಕ್ಕ?" ಎಂದು ಕೇಳಿದಾಗಲೆಲ್ಲ "ಕಳೆದುಹೋಯ್ತಮ್ಮ" ಎನ್ನುತ್ತಿದ್ದಳು. ನನಗೆ ಸಿಟ್ಟು ಬರಲಿಲ್ಲ, ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಏಳು ವರ್ಷದ ಮಗು ತನ್ನ ಅಮ್ಮನಿಂದ ಬಚ್ಚಿಡುವಂಥದ್ದು ಆ ಹಾಳೆಯಲ್ಲಿ ಏನಿತ್ತು?

ಆಮೇಲಿನ ಐದು ತಿಂಗಳಲ್ಲಿ ನಮ್ಮ ಮನೆಯಲ್ಲಿ ಏನೇನು ನಡೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮನೆ, ಒಂದೇ ಮಗುವಿನ ಕತೆ ಇದು. ಆದರೆ ಮನೆಯಲ್ಲೇ ಮಕ್ಕಳಿಗೆ ಕಲಿಸುವ ಬೇರೆ ಅಪ್ಪ ಅಮ್ಮಂದಿರಿಗೆ ಇದರಲ್ಲಿ ಒಂದೆರಡು ವಿಷಯ ಕೆಲಸಕ್ಕೆ ಬರಬಹುದು.

ನಾವಿರುವುದು ಮೈಸೂರಿನಲ್ಲಿ. ಮಗಳಿಗೆ ಏಳು, ಮಗನಿಗೆ ಐದು. ಮಗಳು ಯುಕೆಜಿವರೆಗೆ ಶಾಲೆಗೆ ಹೋಗಿದ್ದಳು. ಅಲ್ಲಿ ಅವಳಿಗೆ ಒಗ್ಗಲಿಲ್ಲ. ಬೆಳಗ್ಗೆ ಯೂನಿಫಾರಂ ನೋಡಿದರೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಕೊನೆಗೆ ಮನೆಯಲ್ಲೇ ಕಲಿಸೋಣ ಎಂದು ನಾವಿಬ್ಬರೂ ತೀರ್ಮಾನ ಮಾಡಿದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಶಾಲೆಯ ಬಗ್ಗೆ ಬಿಡಿಸಿ ಏನೂ ಹೇಳಿಲ್ಲ. ಮುಂದೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್) ಇದೆ ಎಂಬುದು ಗೊತ್ತಿತ್ತು. ಅಷ್ಟು ಧೈರ್ಯದ ಮೇಲೆ ಶುರು ಮಾಡಿದೆವು. ನಾನು ಮೊದಲು ಆಡಿಟರ್ ಆಫೀಸೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಹಾಗಾಗಿ ಕನ್ನಡ, ಇಂಗ್ಲಿಷ್ ಹೇಗೋ ಏನೋ, ಲೆಕ್ಕ ಮಾತ್ರ ನಾನು ಚೆನ್ನಾಗಿ ಕಲಿಸುತ್ತೇನೆ ಅಂದುಕೊಂಡಿದ್ದೆ. ಕಷ್ಟ ಬಂದದ್ದು ಅಲ್ಲೇ.

ಹಾಳೆ ಸಿಕ್ಕುವ ಮೊದಲೇ ನಾನು ಎರಡು ಉಪಾಯ ಮಾಡಿ ನೋಡಿದ್ದೆ. ಒಂದು, ಸ್ಟಿಕ್ಕರ್. ಹತ್ತು ಲೆಕ್ಕ ಸರಿ ಮಾಡಿದರೆ ಒಂದು ನಕ್ಷತ್ರ. ಮೊದಲ ವಾರ ಚೆನ್ನಾಗಿ ನಡೆಯಿತು. ಎರಡನೇ ವಾರ "ಹತ್ತು ಬೇಡ, ಐದಕ್ಕೆ ಒಂದು ಕೊಡು" ಎಂದು ಚೌಕಾಸಿಗೆ ಇಳಿದಳು. ಮೂರನೇ ವಾರ ಸ್ಟಿಕ್ಕರೂ ಬೇಡ, ಲೆಕ್ಕವೂ ಬೇಡ. ಇನ್ನೊಂದು, ಮೊಬೈಲ್ ಆಟ. ಸರಿ ಉತ್ತರ ಒತ್ತಿದರೆ ಮೊಲ ಕುಣಿಯುತ್ತದೆ. ಅವಳು ಖುಷಿಯಿಂದ ಆಡುತ್ತಿದ್ದಳು, ನಾನೂ ಸಮಾಧಾನದಲ್ಲಿದ್ದೆ. ಒಂದು ದಿನ ಪಕ್ಕದಲ್ಲಿ ಸುಮ್ನೆ ಕೂತು ನೋಡಿದೆ. ಅವಳು ಲೆಕ್ಕವನ್ನು ಓದುತ್ತಲೇ ಇರಲಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವುದು, ತಪ್ಪಾದರೆ ಇನ್ನೊಂದನ್ನು ಒತ್ತುವುದು, ಮೊಲ ಕುಣಿಯುವವರೆಗೆ. ಅಲ್ಲಿದ್ದ ಮಜಾ ಮೊಲದ್ದು, ಅಂಕಿಯದ್ದಲ್ಲ. ಕಹಿ ಮಾತ್ರೆಗೆ ಬೆಲ್ಲ ಸವರಿ ಕೊಟ್ಟರೆ ಮಗು ಬೆಲ್ಲ ನೆಕ್ಕಿ ಮಾತ್ರೆ ಉಗುಳುತ್ತದೆ, ಅಲ್ವಾ? ಹಾಗೆ.

ದಾರಿ ತೋರಿಸಿದವರು ನಮ್ಮ ಅತ್ತೆ. ಅವರು ಕಲಿಸಬೇಕು ಎಂದು ಕೂತವರಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ಮಳೆ ಬಂದು ಕರೆಂಟ್ ಹೋಯಿತು. ಮಕ್ಕಳು ಕಿರಿಕಿರಿ ಮಾಡುತ್ತಿದ್ದರು. ಅತ್ತೆ ಸೀಮೆಸುಣ್ಣ ತೆಗೆದುಕೊಂಡು ಹಾಲ್‌ನ ನೆಲದ ಮೇಲೆ ಉದ್ದ ಐದು ಅಡ್ಡ ಐದು ಮನೆ ಬರೆದರು. ನಾಲ್ಕು ಅಂಚಿನ ನಡುಮನೆಗೂ ಮಧ್ಯದ ಮನೆಗೂ ಗುಣಿಸು ಗುರುತು ಹಾಕಿದರು. ಪೆಟ್ಟಿಗೆಯಿಂದ ನಾಲ್ಕು ಕವಡೆ ತಂದರು. ಚೌಕಾಬಾರ. ಕೆಲವರ ಬಾಯಲ್ಲಿ ಚಕ್ಕಾಬಾರ, ಇನ್ನು ಕೆಲವರಿಗೆ ಕಟ್ಟೆಮನೆ.

ಆಡಿ ಮರೆತವರಿಗೆ ನೆನಪಿಸುತ್ತೇನೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರಾ, ಎಂಟು. ಚೌಕ ಅಥವಾ ಬಾರಾ ಬಿದ್ದರೆ ಮತ್ತೊಮ್ಮೆ ಹಾಕಬಹುದು. ಎದುರಾಳಿಯ ಕಾಯಿ ಕಡಿದರೂ ಮತ್ತೊಮ್ಮೆ. ಗುಣಿಸು ಗುರುತಿನ ಮನೆಯಲ್ಲಿ ಕಡಿಯುವ ಹಾಗಿಲ್ಲ. ಹೊರಸುತ್ತು ಮುಗಿಸಿ, ದಿಕ್ಕು ತಿರುಗಿಸಿ ಒಳಸುತ್ತು ಹಾಕಿ, ಮಧ್ಯದ ಮನೆಗೆ ಸರಿಯಾದ ಗರ ಬಿದ್ದರೆ ಕಾಯಿ ಹಣ್ಣು. ಒಬ್ಬರದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಎಂಬುದು ನಮ್ಮತ್ತೆಯ ಮನೆಯ ನಿಯಮ.

ಮಗಳ ಮೊದಲ ಗರ ಮೂರು. ಅವಳು ಕಾಯಿ ಇದ್ದ ಮನೆಯ ಮೇಲೆ ಬೆರಳಿಟ್ಟು "ಒಂದು" ಎಂದಳು. ಮುಂದಿನ ಮನೆಗೆ "ಎರಡು", ಅದರ ಮುಂದಿನದಕ್ಕೆ "ಮೂರು". ಅತ್ತೆ ಅವಳ ಕೈ ಹಿಡಿದರು. "ನಿಂತಿರೋ ಮನೇನ ಎಣಿಸಬಾರದು ಮಗಾ. ಕಾಲು ಎತ್ತಿ ಇಟ್ಟಾಗ ಒಂದು."

ನನಗೆ ತಕ್ಷಣ ಏನೋ ಹೊಳೆಯಿತು. ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಒಂಬತ್ತು ಹಾಳೆ ತೆಗೆದೆ. ಪೂರ್ತಿ ಮಾಡಿದ್ದ ಒಂದು ಹಾಳೆಯಲ್ಲಿ 11 ತಪ್ಪು ಇದ್ದವು. ನಾನು ಆಗ ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿದ್ದೆ, ಅಷ್ಟೇ. ಈಗ ಒಂದೊಂದನ್ನೇ ನೋಡಿದೆ. 7+5=11. 8+4=11. 9+5=13. ಕೂಡುವ ಲೆಕ್ಕದ ತಪ್ಪು ಒಂಬತ್ತು. ಒಂಬತ್ತರಲ್ಲೂ ಉತ್ತರ ಒಂದು ಕಮ್ಮಿ. ಕಳೆಯುವ ಲೆಕ್ಕದ ತಪ್ಪು ಎರಡು. 12-5=8, 14-6=9. ಎರಡರಲ್ಲೂ ಒಂದು ಜಾಸ್ತಿ. ಅವಳು ಏಳಕ್ಕೆ ಐದು ಕೂಡುವಾಗ ಏಳರಿಂದಲೇ ಬೆರಳು ಮಡಚುತ್ತಿದ್ದಳು: ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು. ಐದು ಬೆರಳು ಆಯಿತು. ಕಳೆಯುವಾಗಲೂ ಹಾಗೇ, ಹನ್ನೆರಡನ್ನೇ ಮೊದಲ ಬೆರಳಿಗೆ ಎಣಿಸುತ್ತಿದ್ದಳು. ನಿಂತಿರುವ ಮನೆಯನ್ನು ಎಣಿಸುವುದು, ಅದೊಂದೇ ತಪ್ಪು.

ಅವಳಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಬಹಳ ಶ್ರದ್ಧೆಯಿಂದ, ಪ್ರತಿ ಸಲವೂ ಒಂದೇ ರೀತಿಯಲ್ಲಿ ಮಾಡುತ್ತಿದ್ದಳು. ಪ್ರತಿ ಸಲವೂ ತಪ್ಪು ಗುರುತು ಬೀಳುತ್ತಿತ್ತು. ಯಾಕೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಎಷ್ಟು ಸರಿಯಾಗಿ ಎಣಿಸಿದರೂ ತಪ್ಪು ಎನ್ನುವ ಹಾಳೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಸಿಗೆ ಕೆಳಗೆ ಹಾಕಿದ್ದು ಸಹಜವೇ. ಇಷ್ಟು ದಿನ ನಾನು "ಅಭ್ಯಾಸ ಸಾಲದು" ಎಂದು ಹಾಳೆ ಹೆಚ್ಚು ಮಾಡುತ್ತಿದ್ದೆ. ಅಂದರೆ ಅವಳ ತಪ್ಪನ್ನೇ ಅಭ್ಯಾಸ ಮಾಡಿಸುತ್ತಿದ್ದೆ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ಮರುದಿನದಿಂದ ಹಾಳೆ ನಿಂತಿತು. ಸಂಜೆ ಚೌಕಾಬಾರ ಶುರುವಾಯಿತು.

ಆಟ ಕಲಿಸುವ ಬಗೆಯೇ ಬೇರೆ. ಹಾಳೆಯಲ್ಲಿ ತಪ್ಪು ಮಾಡಿದರೆ ಅದು ಮಾರನೇ ದಿನ ಗೊತ್ತಾಗುತ್ತದೆ, ಅದೂ ಅಮ್ಮ ಹೇಳಿದರೆ. ಮಣೆಯಲ್ಲಿ ಒಂದು ಮನೆ ಕಮ್ಮಿ ಎಣಿಸಿದರೆ ಕಡಿಯಬೇಕಾದ ಕಾಯಿ ಕೈ ತಪ್ಪುತ್ತದೆ. ಜಾಸ್ತಿ ಎಣಿಸಿದರೆ ತಮ್ಮ "ಮೋಸ!" ಎಂದು ಕೂಗುತ್ತಾನೆ. ಉತ್ತರಕ್ಕಾಗಿ ಎದುರು ಕೂತವರು ಕಾಯುತ್ತಿರುತ್ತಾರೆ. ಅಂಕಿಗೆ ಅಲ್ಲಿ ಕೆಲಸ ಇದೆ. ಎರಡು ವಾರದಲ್ಲಿ ಅವಳು ನಿಂತ ಮನೆ ಎಣಿಸುವುದು ತಾನಾಗಿ ನಿಂತಿತು. ತಮ್ಮ ಅದೇ ತಪ್ಪು ಮಾಡಿದಾಗ ಅಜ್ಜಿಯ ಧಾಟಿಯಲ್ಲೇ "ಕಾಲು ಎತ್ತಿಟ್ಟಾಗ ಒಂದು ಕಣೋ" ಎಂದಳು.

ಆಮೇಲೆ ಬೆರಳಿಟ್ಟು ಒಂದೊಂದೇ ಮನೆ ಎಣಿಸುವುದೂ ಕಮ್ಮಿಯಾಯಿತು. ಬಾರಾ ಬಿದ್ದು, ಮತ್ತೆ ಚೌಕ ಬಿದ್ದು, ಮತ್ತೆ ಮೂರು ಬಿದ್ದರೆ ಒಟ್ಟು ಹದಿನೈದು. ಯಾವ ಗರವನ್ನು ಯಾವ ಕಾಯಿಗೆ ಕೊಡಬೇಕು ಎಂದು ಯೋಚಿಸಬೇಕು. ಅಜ್ಜಿಯ ಕಾಯಿ ಏಳು ಮನೆ ಮುಂದಿದೆ. ಏಳು ಎಂಬ ಗರವೇ ಇಲ್ಲ. ಹಾಗಾದರೆ ಚೌಕ ಬಿದ್ದು ಮೂರು ಬೀಳಬೇಕು. ಒಂಬತ್ತು ಮನೆ ಮುಂದಿದ್ದರೆ ಬಾರಾ ಬಿದ್ದು ಒಂದು. ಅಥವಾ ಎರಡು ಚೌಕ, ಒಂದು ಒಂದು. ಒಂದು ಅಂಕಿಯನ್ನು ಹೀಗೆ ಹಲವು ಬಗೆಯಲ್ಲಿ ಒಡೆದು ಜೋಡಿಸುವುದನ್ನು ಹಾಳೆಯಲ್ಲಿ ಕಲಿಸಲು ನಾನು ಎಷ್ಟು ಒದ್ದಾಡಿದ್ದೆ! ಇಲ್ಲಿ ಅವಳು ಕವಡೆ ಕೈಯಲ್ಲಿ ಹಿಡಿದು "ಚೌಕ ಬಾ, ಚೌಕ ಬಾ, ಆಮೇಲೆ ಮೂರು ಬಾ" ಎಂದು ಗೊಣಗುತ್ತಿದ್ದಳು.

ಇಷ್ಟರಲ್ಲಿ ನಾನು ಒಂದು ತಪ್ಪು ಮಾಡಿದೆ. ಆಟ ಕೆಲಸ ಮಾಡುತ್ತಿದೆ ಎಂದು ಗೊತ್ತಾದ ಕೂಡಲೇ ಅದರೊಳಗೆ ಪಾಠ ತುರುಕಲು ಹೋದೆ. "ಎಂಟು, ನಾಲ್ಕು, ಮೂರು ಎಷ್ಟಾಯ್ತು ಹೇಳು? ಹೇಗೆ ಕೂಡಿದೆ ಹೇಳು? ಇನ್ನೊಂದು ರೀತಿ ಮಾಡ್ತೀಯಾ?" ಮೂರನೇ ಪ್ರಶ್ನೆಗೆ ಅವಳು ಕವಡೆ ಕೆಳಗಿಟ್ಟು ಎದ್ದುಹೋದಳು. ಆ ದಿನ ಆಟ ಮುರಿಯಿತು. ಅತ್ತೆ ನನ್ನನ್ನು ಬೈಯಲಿಲ್ಲ. "ಅವಳು ಆಡ್ಲಿ ಬಿಡಮ್ಮ. ನೀನು ಕೇಳಿದ್ರೆ ಅದು ಪರೀಕ್ಷೆ ಆಗುತ್ತೆ" ಎಂದರು, ಅಷ್ಟೇ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡೆ: ಆಡುವಾಗ ನಾನೂ ಆಡುತ್ತೇನೆ. ನನ್ನ ಗರವನ್ನು ನಾನೇ ಜೋರಾಗಿ ಕೂಡಿಕೊಳ್ಳುತ್ತೇನೆ. "ಎಂಟು, ಇನ್ನೆರಡಾದ್ರೆ ಹತ್ತು, ಮಿಕ್ಕಿದ್ದೆರಡು, ಹನ್ನೆರಡು" ಎಂದು ನನ್ನಷ್ಟಕ್ಕೆ ಹೇಳಿಕೊಳ್ಳುತ್ತೇನೆ. ಅವಳನ್ನು ಏನೂ ಕೇಳುವುದಿಲ್ಲ. ಈ ನಿಯಮ ಪಾಲಿಸುವುದು ನನಗೆ ಬಹಳ ಕಷ್ಟವಾಯಿತು. ಆದರೆ ಮನೆಯಲ್ಲಿ ಕಲಿಸುವ ಯಾರಿಗಾದರೂ ನಾನು ಒಂದೇ ಒಂದು ಮಾತು ಹೇಳಬಹುದಾದರೆ ಇದನ್ನೇ ಹೇಳುತ್ತೇನೆ.

ಹತ್ತು ಮಾಡಿಕೊಂಡು ಕೂಡುವುದಕ್ಕೆ ಇನ್ನೊಂದು ವಸ್ತು ಬಹಳ ಸಹಾಯ ಮಾಡಿತು: ಮೊಟ್ಟೆಯ ಟ್ರೇ. ಮೂವತ್ತು ಮೊಟ್ಟೆಯ ಟ್ರೇಯಲ್ಲಿ ಐದೈದು ಗುಳಿಯ ಆರು ಸಾಲು ಇರುತ್ತದೆ. ಎರಡೆರಡು ಸಾಲಿಗೆ ಕತ್ತರಿಸಿದರೆ ಹತ್ತು ಗುಳಿಯ ಮೂರು ತುಂಡು. ಅಂಗಡಿಯವರು ಸುಮ್ನೆ ಕೊಟ್ಟರು. ಎಂಟು ಹುಣಸೆ ಬೀಜ ಒಂದರಲ್ಲಿ, ಐದು ಇನ್ನೊಂದರಲ್ಲಿ. ಎಂಟರದ್ದರಲ್ಲಿ ಎರಡು ಗುಳಿ ಖಾಲಿ ಇರುವುದು ಕಣ್ಣಿಗೇ ಕಾಣುತ್ತದೆ. ಐದರದ್ದರಿಂದ ಎರಡು ತಂದು ತುಂಬಿದರೆ ಒಂದು ಹತ್ತು, ಮೇಲೆ ಮೂರು. ಅಷ್ಟು ಕಂಡ ಮೇಲೆ ಎಣಿಸುವ ಅಗತ್ಯವೇ ಇಲ್ಲ. ತಮ್ಮ ಮತ್ತು ಅಕ್ಕ ಇದನ್ನು "ಹತ್ತು ತುಂಬೋ ಆಟ" ಮಾಡಿಕೊಂಡರು. ಕವಡೆ ಹಾಕುವುದು, ಬಿದ್ದಷ್ಟು ಬೀಜ ಗುಳಿಗೆ ಹಾಕುವುದು, ಯಾರ ತುಂಡು ಸರಿಯಾಗಿ ತುಂಬುತ್ತದೋ ಅವರು ಗೆದ್ದರು. ಐದು ವರ್ಷದವನಿಗೂ "ನಂಗಿನ್ನು ಮೂರೇ ಬೇಕು" ಎನ್ನಲು ಬಂತು.

ಇಲ್ಲೇ ಭಾಷೆಯ ವಿಷಯ ಒಂದು ಹೇಳಿಬಿಡುತ್ತೇನೆ. ನಾನು ಮೊದಲು ಅಂಕಿಗಳನ್ನು ಇಂಗ್ಲಿಷ್‌ನಲ್ಲೇ ಹೇಳಿಕೊಡುತ್ತಿದ್ದೆ. ಅವಳು ಥರ್ಟೀನ್ ಎಂದರೆ 31 ಬರೆಯುತ್ತಿದ್ದಳು. ಕೇಳಿದ ಕ್ರಮದಲ್ಲೇ ಬರೆಯುತ್ತಿದ್ದಳು, ಪಾಪ. ಆ ಮಾತಿನಲ್ಲಿ ಮೂರು ಮೊದಲು ಬರುತ್ತದೆ, ಹತ್ತು ಆಮೇಲೆ. ಕನ್ನಡದಲ್ಲಿ ಹದಿ-ಮೂರು. ಹತ್ತು ಮೊದಲು, ಬರೆಯುವುದೂ ಹಾಗೇ. ಇಪ್ಪತ್ತ-ಮೂರು, ಎಪ್ಪತ್ತ-ಒಂಬತ್ತು, ಎಲ್ಲ ಇದೇ ಸಾಲಿನಲ್ಲಿ. ಹದಿಮೂರು ಎಂದ ಕೂಡಲೇ ಒಂದು ತುಂಡು ತುಂಬಿದೆ, ಮೇಲೆ ಮೂರು ಬೀಜ ಇದೆ ಎಂದು ಅವಳಿಗೆ ಚಿತ್ರ ಬರುತ್ತದೆ. ಈಗ ನಾವು ಲೆಕ್ಕವನ್ನು ಕನ್ನಡದಲ್ಲೇ ಮಾಡುತ್ತೇವೆ. ಇಂಗ್ಲಿಷ್ ಹೆಸರು ಆಮೇಲೆ ಕಲಿತರಾಯಿತು. ಅವಳಿಗೆ ಕನ್ನಡದಲ್ಲೂ ಎಂಬತ್ತು, ತೊಂಬತ್ತು ಅದಲುಬದಲಾಗುತ್ತಿತ್ತು. ಅದು ಎಣಿಸುತ್ತ ಎಣಿಸುತ್ತ ಸರಿಹೋಯಿತು.

ಜೂನ್‌ನಲ್ಲಿ ಅತ್ತೆಯ ತಮ್ಮನ ಮಗಳು ಬಂದಿದ್ದರು. ಅವರು ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಟೀಚರ್. 1995ರಲ್ಲಿ ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಶುರುವಾದದ್ದು ಆ ತಾಲ್ಲೂಕಿನಲ್ಲೇ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಪ್ರತಿ ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ, ಯಾವ ಮೆಟ್ಟಿಲಲ್ಲಿ ಇದ್ದೇನೆ ಎಂದು ಮಗುವಿಗೇ ಗೊತ್ತಿರುತ್ತದೆ ಎಂದು ಅವರು ವಿವರಿಸಿದರು. "ನಿಮ್ಮ ಮಗಳು ಇಪ್ಪತ್ತರೊಳಗೆ ಕೂಡೋ ಮೆಟ್ಟಿಲಲ್ಲಿ ಇದ್ದಾಳೆ ಅಕ್ಕ. ನೀವು ಅವಳನ್ನ ಎರಡಂಕಿ ಕಳೆಯೋಕೆ ಎಳೀತಿದ್ರಿ" ಎಂದರು. ಹಾಳೆ ನೋಡಿದೆ. ನಿಜ. ಒಂದೇ ಹಾಳೆಯಲ್ಲಿ 7+5ನ ಕೆಳಗೇ 42-17 ಬರೆದಿದ್ದೆ. ಅದು ಅವಳಿಗಾಗಿ ಬರೆದದ್ದಲ್ಲ. ಶಾಲೆಗೆ ಹೋಗುವ ಮಕ್ಕಳಿಗಿಂತ ಹಿಂದೆ ಬೀಳಬಾರದು ಎಂಬ ನನ್ನ ಹೆದರಿಕೆಗಾಗಿ ಬರೆದದ್ದು.

ಎಲ್ಲವೂ ಫಲಿಸಿತು ಎಂದು ಹೇಳಲಾರೆ. ಅಂಗಡಿ ಆಟ ಹೂಡಿದೆ, ಬೇಳೆ ಡಬ್ಬಿಗಳಿಗೆ ಬೆಲೆ ಚೀಟಿ ಅಂಟಿಸಿದೆ. ಅರ್ಧ ಗಂಟೆ ಚೀಟಿ ಬರೆಯುವುದರಲ್ಲೇ ಹೋಯಿತು, ಚಿಲ್ಲರೆ ಲೆಕ್ಕ ಐದು ನಿಮಿಷವೂ ನಡೆಯಲಿಲ್ಲ. ಅದಕ್ಕಿಂತ ನಿಜವಾದ ಅಂಗಡಿಗೆ ಇಪ್ಪತ್ತು ರೂಪಾಯಿ ಕೊಟ್ಟು ಕೊತ್ತಂಬರಿ ತರಲು ಕಳಿಸಿದ್ದು ವಾಸಿ. ಮಗ್ಗಿ ಬಾಯಿಪಾಠ ಸದ್ಯಕ್ಕೆ ಬಿಟ್ಟಿದ್ದೇವೆ. ಆದರೆ ಇಡ್ಲಿ ತಟ್ಟೆಯಲ್ಲಿ ನಾಲ್ಕು ಗುಳಿ, ತಟ್ಟೆ ನಾಲ್ಕು, ಒಂದು ಸಲಕ್ಕೆ ಹದಿನಾರು ಎಂಬುದು ಇಬ್ಬರಿಗೂ ಗೊತ್ತು. ನೆಂಟರು ಬಂದಾಗ ಎಷ್ಟು ಸಲ ಬೇಯಿಸಬೇಕು ಎಂದು ಹೇಳುವುದು ಮಗಳ ಕೆಲಸ.

ಸೋಲುವುದು ಇನ್ನೊಂದು ಕಷ್ಟ. ಹಣ್ಣಾಗಲು ಒಂದೇ ಮನೆ ಇರುವಾಗ ಕಾಯಿ ಕಡಿಸಿಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತ ದಿನಗಳಿವೆ. ಆಗ ಜೋಡಿ ಆಟ ಶುರು ಮಾಡಿದೆವು. ಅಜ್ಜಿ ಮೊಮ್ಮಗಳು ಒಂದು ಕಡೆ, ನಾನು ಮಗ ಒಂದು ಕಡೆ. ಜೋಡಿ ಇದ್ದಾಗ ಯಾವ ಕಾಯಿ ನಡೆಸೋಣ ಎಂದು ಮಾತಾಡಲೇಬೇಕು. ನಾನು ಕೇಳಬಾರದು ಎಂದು ಬಿಟ್ಟಿದ್ದ ಪ್ರಶ್ನೆಗಳಿಗೆಲ್ಲ ಅವಳು ಅಜ್ಜಿಯ ಕಿವಿಯಲ್ಲಿ ಉತ್ತರ ಹೇಳುವುದು ನನಗೆ ಕೇಳಿಸುತ್ತಿತ್ತು.

ಬರೆಯುವ ಅಭ್ಯಾಸ ಪೂರ್ತಿ ಬಿಡಲಿಲ್ಲ. ಬಿಡಬಾರದು ಎಂದೇ ನನ್ನ ಅಭಿಪ್ರಾಯ. ಬಾಯಲ್ಲಿ ಹೇಳುವುದಕ್ಕೂ ಕಾಗದದ ಮೇಲೆ ಬರೆಯುವುದಕ್ಕೂ ನಡುವೆ ಸೇತುವೆ ಬೇಕು. ಜುಲೈಯಿಂದ ದಿನಕ್ಕೆ ಆರೇ ಲೆಕ್ಕ. ಆದರೆ ಅವನ್ನು ಮಾಡುವವಳು ನಾನು. ಉತ್ತರವನ್ನೂ ಬರೆದು ಕೊಡುತ್ತೇನೆ, ಆರರಲ್ಲಿ ಒಂದೋ ಎರಡೋ ತಪ್ಪು ಇರುತ್ತದೆ. ತಪ್ಪು ಹುಡುಕಿ ಕೆಂಪು ಪೆನ್ನು ಹಾಕುವುದು ಅವಳು. ಆರರಲ್ಲಿ ಎರಡು ತಪ್ಪು ಹುಡುಕಬೇಕಾದರೆ ಆರನ್ನೂ ಮಾಡಿ ನೋಡಬೇಕಲ್ಲ. ಒಂದು ದಿನ ಬೇಕೆಂದೇ 8+6=13 ಎಂದು ಬರೆದಿಟ್ಟೆ. ಅವಳು ನೋಡಿ, ನನ್ನ ಕೆನ್ನೆ ಸವರಿ, "ನಿಂತಿರೋ ಮನೆ ಎಣಿಸಿಬಿಟ್ಟಿದ್ದೀಯಮ್ಮ" ಎಂದಳು.

ಮಳೆಗಾಲದ ಹಬ್ಬಗಳು ಬಂದಾಗ ಚುಕ್ಕಿ ರಂಗೋಲಿಯೂ ಸೇರಿತು. ಏಳು ಚುಕ್ಕಿಯಿಂದ ಒಂದಕ್ಕೆ, ಎರಡೂ ಕಡೆ: ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು. ಚುಕ್ಕಿ ಇಡುತ್ತಾ ಅವಳು ಕೂಡುತ್ತಿದ್ದಳು. ಒಂದು, ನಾಲ್ಕು, ಒಂಬತ್ತು, ಹದಿನಾರು. ಆಮೇಲೆ ಇಪ್ಪತ್ತೊಂದು, ಇಪ್ಪತ್ತನಾಲ್ಕು, ಇಪ್ಪತ್ತೈದು. "ಅಜ್ಜೀ, ಚೌಕಾಬಾರದ ಮನೇನೂ ಇಪ್ಪತ್ತೈದೇ!" ಎಂದು ಕಿರುಚಿದಳು. ಬಾಗಿಲ ಮುಂದೆ ದಿನಾ ಇಡುವ ಚುಕ್ಕಿಯನ್ನು ನಾನು ಹೀಗೆ ಯಾವತ್ತೂ ಕೂಡಿ ನೋಡಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅವಳನ್ನೇ ಕೇಳಿ, ಅವಳು ಒಪ್ಪಿದ ಮೇಲೆ, ಹಳೆಯ ಹಾಳೆಯಂಥದ್ದೇ ಒಂದು ಬರೆದುಕೊಟ್ಟೆ. 30 ಲೆಕ್ಕ, ಎಲ್ಲ ಇಪ್ಪತ್ತರೊಳಗೆ. ಮೂರು ತಪ್ಪಾದವು. ಮೂರೂ ಕಳೆಯುವ ಲೆಕ್ಕ. ಕೂಡುವುದಕ್ಕೆ ಬೆರಳು ಮಡಚಲಿಲ್ಲ, ಒಂದೆರಡು ಕಡೆ ಮಾತ್ರ ಮೇಲೆ ನೋಡುತ್ತಾ ತುಟಿ ಆಡಿಸಿದಳು. 15-8 ಇನ್ನೂ ಅವಳಿಗೆ ಗಟ್ಟಿಯಿಲ್ಲ. ಅದಕ್ಕೆ ಕಾರಣ ನನಗೆ ಕಾಣುತ್ತದೆ: ಚೌಕಾಬಾರದಲ್ಲಿ ಕಾಯಿ ಹಿಂದೆ ಬರುವುದಿಲ್ಲ. ಆದರೆ ಹಣ್ಣಾಗಲು ಇನ್ನೆಷ್ಟು ಎಂಬ ಪ್ರಶ್ನೆ ಪ್ರತಿ ಆಟದಲ್ಲೂ ಬರುತ್ತದೆ. ಹೊರಟ ಮನೆಯಿಂದ ಮಧ್ಯಕ್ಕೆ 24 ಹೆಜ್ಜೆ. ಹದಿನೇಳು ನಡೆದಿದ್ದರೆ ಇನ್ನೇಳು. ಈಗ ಕಳೆಯುವುದನ್ನು ಹಿಂದೆ ಎಣಿಸಿ ಮಾಡಿಸುತ್ತಿಲ್ಲ. ಎಂಟರಿಂದ ಹದಿನೈದಕ್ಕೆ ಎಷ್ಟು ದೂರ ಎಂದು ಮುಂದಕ್ಕೇ ನಡೆಸುತ್ತಿದ್ದೇವೆ. ಎರಡು ಹೆಜ್ಜೆಗೆ ಹತ್ತು, ಇನ್ನೈದಕ್ಕೆ ಹದಿನೈದು. ನಿಧಾನಕ್ಕೆ ಹತ್ತುತ್ತಿದೆ.

ಕಳೆದ ವಾರ ಅತ್ತೆ ದೊಡ್ಡ ಮಣೆ ಬರೆದುಕೊಟ್ಟರು, ಏಳು ಏಳರದ್ದು, ಆರು ಕವಡೆಯ ಆಟ. ಮಗಳು ಆಡುವ ಮೊದಲೇ ಮನೆಗಳನ್ನು ಸುತ್ತು ಸುತ್ತಾಗಿ ಎಣಿಸಿದಳು. ಹೊರಸುತ್ತು 24, ಅದರೊಳಗೆ 16, ಅದರೊಳಗೆ 8, ಮಧ್ಯ 1. ಚಿಕ್ಕ ಮಣೆಯಲ್ಲಿ 16, 8, 1. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಮ್ಮ, ಒಂದೊಂದು ಸುತ್ತಿಗೂ ಎಂಟೆಂಟು ಜಾಸ್ತಿ ಆಗ್ತಾ ಹೋಗುತ್ತೆ" ಎಂದಳು. ಆಮೇಲೆ, "ಒಂಬತ್ತೊಂಬತ್ತರದ್ದು ಬರೆದ್ರೆ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅವಳು ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಹತ್ತಿರದಿಂದ ಗೆರೆ ಎಳೆಯಲು ಶುರು ಮಾಡಿದಳು. ತಮ್ಮ ಸೋಫಾದ ಕಾಲನ್ನು ಆ ಕಡೆಗೆ ತಳ್ಳುತ್ತಿದ್ದ, ಜಾಗ ಸಾಲದು ಎಂದು.